ಹೊಲಿದ ಅಂಗಿಗೆ ಹಣ ಕೊಡುವವರು ಯಾರು?

ಬಟ್ಟೆಯಂಗಡಿಯ ಗಾಜಿನ ಹಿಂದೆ ನಿಂತಿರುವ ಬೊಂಬೆಗೆ ರೋಗದ ಭಯವಿಲ್ಲ. 2020ರ ಮಾರ್ಚ್ ತಿಂಗಳಿನಲ್ಲಿ ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ನಗರಗಳ ದೊಡ್ಡ ದೊಡ್ಡ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡಾಗ, ಅಲ್ಲಿಯ ಬೊಂಬೆಗಳು ವಸಂತಕಾಲದ ಹೊಸ ಉಡುಪನ್ನು ತೊಟ್ಟು, ನೋಡುವವರಿಲ್ಲದ ಬೀದಿಯತ್ತ ಮುಖ ಮಾಡಿ ನಿಂತಿದ್ದವು. ಕೊರೋನಾ ಎಂಬ ಮಹಾಮಾರಿ ಮನುಷ್ಯರನ್ನೆಲ್ಲ ಮನೆಯೊಳಗೆ ಕೂಡಿಹಾಕಿತ್ತು. ಮನೆಯೊಳಗೇ ಕುಳಿತವನಿಗೆ ಹೊಸ ಕೋಟಿನ ಹಂಬಲವೆಲ್ಲಿಯದು? ಮದುವೆ, ಮೆರವಣಿಗೆ, ಔತಣ, ಕಛೇರಿ ಯಾವುದೂ ಇಲ್ಲದ ಕಾಲದಲ್ಲಿ ಉಡುಗೆಯ ಸೊಗಸಿಗೆ ಕಣ್ಣುಗಳೇ ಇಲ್ಲದಂತಾಯಿತು.

ಸೊಗಸಿನ ಉಡುಪಿನ ವ್ಯಾಪಾರ ನೋಟಕ್ಕೆ ಜವಳಿ ವ್ಯಾಪಾರವಾದರೂ ಅದರ ಸ್ವಭಾವ ಹೂವಿನ ವ್ಯಾಪಾರದ್ದು. ಅಕ್ಕಿಯನ್ನು ಕಣಜದಲ್ಲಿಟ್ಟು ಮುಂದಿನ ವರ್ಷ ಮಾರಬಹುದು. ಮಲ್ಲಿಗೆಯ ದಂಡೆಯನ್ನು ನಾಳೆಗೆ ಮಾರಲಾಗದು. ಪಶ್ಚಿಮ ದೇಶಗಳಲ್ಲಿ ವಸಂತಕ್ಕೊಂದು ಬಣ್ಣ, ಬೇಸಗೆಗೊಂದು ತೋಳು, ಚಳಿಗಾಲಕ್ಕೊಂದು ಕೊರಳಪಟ್ಟಿ. ಈ ಏಪ್ರಿಲ್‌ನಲ್ಲಿ ಮಾರಬೇಕಾದ ಅಂಗಿ ಅಕ್ಟೋಬರಿಗೆ ಹಳತಾಗುತ್ತದೆ. ಅದರ ನೂಲು ಸವೆದಿರುವುದಿಲ್ಲ, ಗುಂಡಿ ಕಳಚಿರುವುದಿಲ್ಲ, ಆದರೂ ಅದು ಹಳತು. ಹೀಗಿರುವುದರಿಂದ ಅಂಗಡಿಯವರು ತಿಂಗಳುಗಳಷ್ಟು ಮೊದಲೇ ಢಾಕಾ, ಬೆಂಗಳೂರು, ತಿರುಪ್ಪೂರು, ಕೊಲಂಬೋಗಳ ಕಾರ್ಖಾನೆಗಳಿಗೆ ಆರ್ಡರು ಕೊಟ್ಟಿರುತ್ತಾರೆ. ರೋಗ ಬಂದ ದಿನ ಒಂದು ಋತುವಿನ ಬಟ್ಟೆ ಅಂಗಡಿಯಲ್ಲಿ ತೂಗುತ್ತಿತ್ತು. ಎರಡನೆಯ ಋತುವಿನದು ಹಡಗಿನಲ್ಲಿತ್ತು. ಮೂರನೆಯದು ಹೊಲಿಗೆಯ ಯಂತ್ರದ ಮೇಲಿತ್ತು. ನಾಲ್ಕನೆಯದಕ್ಕೆ ಬೇಕಾದ ಬಟ್ಟೆಯ ಥಾನುಗಳು ಕಾರ್ಖಾನೆಯ ಉಗ್ರಾಣಕ್ಕೆ ಬಂದಿಳಿದಿದ್ದವು.

ಇನ್ನು ಹಣದ ಮಾತು. ಅಂಗಡಿಯವನು ಆರ್ಡರು ಕೊಡುವಾಗ ಮುಂಗಡ ಕೊಡುವ ಪದ್ಧತಿ ಈ ವ್ಯಾಪಾರದಲ್ಲಿ ಬಹುಮಟ್ಟಿಗೆ ಇಲ್ಲ. ಬಟ್ಟೆ ಕೊಳ್ಳುವವನು ಕಾರ್ಖಾನೆಯವನು. ಗುಂಡಿ, ಜಿಪ್ಪು, ಲೇಬಲು, ಪೆಟ್ಟಿಗೆಗಳಿಗೆ ಹಣ ಹಾಕುವವನೂ ಅವನೇ. ಹೊಲಿಯುವವರಿಗೆ ತಿಂಗಳು ತಿಂಗಳು ಸಂಬಳ ಎಣಿಸುವವನೂ ಅವನೇ. ಮಾಲು ಹಡಗನ್ನೇರಿದ ಮೇಲೆ ಅರವತ್ತೋ ತೊಂಬತ್ತೋ ದಿನ ಕಳೆದು ಖರೀದಿದಾರನ ಹಣ ಬರುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ಸಾಲವೇ ಗತಿ. ಎಂದರೆ ಲಂಡನ್ನಿನ ಶ್ರೀಮಂತ ಅಂಗಡಿಗೆ ಢಾಕಾದ ಕಾರ್ಖಾನೆ ಸಾಲ ಕೊಟ್ಟಂತೆ; ಆ ಕಾರ್ಖಾನೆಗೆ, ತಿಂಗಳ ಕೊನೆಯವರೆಗೆ ದುಡಿದು ಅನಂತರ ಸಂಬಳ ಪಡೆಯುವ ಹೆಣ್ಣುಮಗಳು ಸಾಲ ಕೊಟ್ಟಂತೆ. ಬಡವನು ಬಲ್ಲಿದನಿಗೆ ಬಡ್ಡಿಯಿಲ್ಲದೆ ಸಾಲ ಕೊಡುವ ಈ ವಿಚಿತ್ರ ವ್ಯವಸ್ಥೆ ಎಲ್ಲವೂ ಸರಿಯಾಗಿ ನಡೆಯುತ್ತಿರುವಷ್ಟು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

2020ರ ಮಾರ್ಚ್‌ನಲ್ಲಿ ಅದು ಕಣ್ಣಿಗೆ ಬಿತ್ತು. ಒಂದೇ ವಾರದೊಳಗೆ ಬಾಂಗ್ಲಾದೇಶದ ಕಾರ್ಖಾನೆಗಳಿಗೆ ವಿದೇಶದಿಂದ ಪತ್ರಗಳ ಸುರಿಮಳೆಯಾಯಿತು. ‘ಆರ್ಡರು ರದ್ದು’ ಎಂದಿತು ಒಂದು. ‘ಹೊಲಿದದ್ದನ್ನು ಕಳುಹಿಸಬೇಡಿ’ ಎಂದಿತು ಮತ್ತೊಂದು. ‘ಕಳುಹಿಸಿದ್ದಕ್ಕೆ ದರ ಇಳಿಸಿ’ ಎಂದಿತು ಮಗುದೊಂದು. ಆ ದೇಶದ ಸಿದ್ಧ ಉಡುಪು ತಯಾರಕರ ಸಂಘ ಒಟ್ಟು ಹಾಕಿದ ಲೆಕ್ಕದ ಪ್ರಕಾರ, 1,100ಕ್ಕೂ ಮಿಕ್ಕ ಕಾರ್ಖಾನೆಗಳಲ್ಲಿ 300 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳು ರದ್ದಾದವು ಅಥವಾ ತಡೆಹಿಡಿಯಲ್ಪಟ್ಟವು. ಅದರ ಬಿಸಿ ತಟ್ಟಿದ್ದು 20 ಲಕ್ಷಕ್ಕಿಂತ ಹೆಚ್ಚು ಕೆಲಸಗಾರರಿಗೆ. ರಫ್ತಿನ ನೂರು ಪಾಲಿನಲ್ಲಿ ಎಂಬತ್ತಕ್ಕೂ ಮಿಕ್ಕ ಪಾಲು ಉಡುಪಿನದೇ ಆಗಿರುವ ದೇಶವದು. ಅಲ್ಲಿಯ ಸರಕಾರ ಮಾರ್ಚ್ 25ರಂದು 5,000 ಕೋಟಿ ಟಾಕಾಗಳ ನಿಧಿಯನ್ನು ಘೋಷಿಸಿತು. ಅದೂ ಕಾರ್ಖಾನೆಯವರಿಗೆ ಸಂಬಳ ಕೊಡಲೆಂದು ಸಾಲದ ರೂಪದಲ್ಲಿ. ಸಾಲದ ಮೇಲೆ ಸಾಲ.

ಪತ್ರ ಬರೆದವರೆಲ್ಲ ಕೇಡಿಗರೆಂದು ತಿಳಿಯಬೇಕಾಗಿಲ್ಲ. ಪ್ರೈಮಾರ್ಕ್ ಎಂಬ ಅಂಗಡಿಮಾಲೆಗೆ ಮನೆಗೇ ಅಂಚೆಯಲ್ಲಿ ಮಾರುವ ಪದ್ಧತಿಯೇ ಇರಲಿಲ್ಲ. ಬಾಗಿಲು ಮುಚ್ಚಿದ ಕೂಡಲೆ ಅದರ ತಿಂಗಳ ವ್ಯಾಪಾರ 65 ಕೋಟಿ ಪೌಂಡುಗಳಿಂದ ಸೊನ್ನೆಗೆ ಇಳಿಯಿತು. ಮೊದಲು ಆರ್ಡರುಗಳನ್ನು ನಿಲ್ಲಿಸಿದ ಆ ಸಂಸ್ಥೆ, ಹೊರಗಿನ ಟೀಕೆಯ ತರುವಾಯ ಏಪ್ರಿಲ್‌ನಲ್ಲಿ 37 ಕೋಟಿ ಪೌಂಡುಗಳಷ್ಟು ಮಾಲಿನ ಹಣವನ್ನು ಕೊಡಲು ಒಪ್ಪಿತು. ಸ್ವೀಡನ್ನಿನ ಎಚ್ ಅಂಡ್ ಎಮ್ ಇನ್ನೂ ಮೊದಲೇ, ಸಿದ್ಧವಾದ ಮತ್ತು ಹೊಲಿಗೆಯಲ್ಲಿರುವ ಮಾಲಿಗೆ ಪೂರ್ತಿ ಹಣ ಕೊಡುವುದಾಗಿ ಹೇಳಿತ್ತು. ಇವರನ್ನು ಹೀಗೆ ಹೇಳಿಸಿದ್ದು ಪತ್ರಿಕೆಗಳು, ಕಾರ್ಮಿಕ ಸಂಘಗಳು, ಗಿರಾಕಿಗಳ ಮುನಿಸು. ನ್ಯಾಯಾಲಯ ಹೇಳಿಸಲಿಲ್ಲ. ಪ್ರಶ್ನೆ ಇರುವುದು ಇಲ್ಲಿಯೇ. ಕಾಯಿದೆ ಎಲ್ಲಿ ಹೋಗಿತ್ತು?

ಕಾಯಿದೆ ಕರಾರುಪತ್ರದ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ ಮಲಗಿತ್ತು. ವ್ಯಾಪಾರದ ಕರಾರುಗಳಲ್ಲಿ ‘ಫೋರ್ಸ್ ಮೆಜ್ಯೂರ್’ ಎಂಬ ಫ್ರೆಂಚ್ ಹೆಸರಿನ ಒಂದು ಷರತ್ತು ಇರುತ್ತದೆ. ‘ಮೀರಿದ ಬಲ’ ಎಂದು ಅದರ ಅರ್ಥ. ಯುದ್ಧ, ಭೂಕಂಪ, ಪ್ರವಾಹ, ಮುಷ್ಕರ, ಸರಕಾರದ ಆಜ್ಞೆ ಮೊದಲಾದ, ಮನುಷ್ಯಪ್ರಯತ್ನಕ್ಕೆ ಮೀರಿದ ಕಾರಣದಿಂದ ಯಾರೊಬ್ಬನಾದರೂ ಕರಾರಿನಂತೆ ನಡೆಯಲಾಗದೆ ಹೋದರೆ ಅದು ಅವನ ತಪ್ಪಲ್ಲವೆಂದು ಈ ಷರತ್ತು ಹೇಳುತ್ತದೆ. ಕೆಲವು ಕರಾರುಗಳ ಪಟ್ಟಿಯಲ್ಲಿ ‘ಸಾಂಕ್ರಾಮಿಕ ರೋಗ’ ಎಂಬ ಮಾತು ಇತ್ತು; ಹಲವುಗಳಲ್ಲಿ ಇರಲಿಲ್ಲ. ಇದ್ದವರೂ ಇಲ್ಲದವರೂ ಆ ಷರತ್ತನ್ನೇ ಹಿಡಿದರು. ಶತಮಾನಗಳಿಂದ ವಕೀಲರ ಹೊರತು ಯಾರೂ ಓದದಿದ್ದ ಒಂದು ವಾಕ್ಯ ಹದಿನೈದು ದಿನದಲ್ಲಿ ಜಗತ್ತಿನ ಅತ್ಯಂತ ಬೆಲೆಬಾಳುವ ವಾಕ್ಯವಾಯಿತು.

ಆಪತ್ತು ಬಂದಾಗ ಮಾತು ತಪ್ಪಬಹುದೇ ಎಂಬುದು ಹಳೆಯ ಪ್ರಶ್ನೆ. ಇಂಗ್ಲೆಂಡಿನ ನ್ಯಾಯಾಲಯಗಳು ಅದಕ್ಕೆ ಕೊಟ್ಟ ಉತ್ತರಗಳ ಕಥೆ ಸ್ವಾರಸ್ಯವಾದುದು. 1647ರ ಒಂದು ಮೊಕದ್ದಮೆಯಲ್ಲಿ ಜೇನ್ ಎಂಬ ಗೇಣಿದಾರನನ್ನು ರಾಜಕುಮಾರ ರೂಪರ್ಟನ ಸೈನ್ಯ ಜಮೀನಿನಿಂದ ಓಡಿಸಿತ್ತು. ಅಂತರ್ಯುದ್ಧದ ಕಾಲ. ಬೆಳೆ ಇಲ್ಲ, ಭೂಮಿ ಕೈಯಲ್ಲಿಲ್ಲ, ಆದರೂ ಗೇಣಿ ಕೊಡಲೇಬೇಕೆಂದು ತೀರ್ಪಾಯಿತು. ‘ಬೇಕಾಗಿದ್ದರೆ ಕರಾರಿನಲ್ಲೇ ಬರೆಸಿಕೊಳ್ಳಬಹುದಿತ್ತಲ್ಲ’ ಎಂಬುದು ನ್ಯಾಯಾಧೀಶರ ಭಾವ. ಎರಡು ಶತಮಾನ ಕಳೆದ ಮೇಲೆ ಮನಸ್ಸು ಕೊಂಚ ಮೆತ್ತಗಾಯಿತು. ಸರ್ರೆ ತೋಟದ ಸಂಗೀತಶಾಲೆಯನ್ನು ನಾಲ್ಕು ದಿನಗಳ ಕಛೇರಿಗಾಗಿ ದಿನಕ್ಕೆ ನೂರು ಪೌಂಡಿನಂತೆ ಒಬ್ಬರು ಗೊತ್ತುಮಾಡಿಕೊಂಡಿದ್ದರು. ಕಛೇರಿಗೆ ಮೊದಲೇ ಕಟ್ಟಡ ಸುಟ್ಟು ಬೂದಿಯಾಯಿತು. ಇಲ್ಲದ ಕಟ್ಟಡವನ್ನು ಕೊಡಲಾಗದು, ಇಬ್ಬರೂ ಬಿಡುಗಡೆ ಹೊಂದಿದರು ಎಂದು 1863ರಲ್ಲಿ ನಿರ್ಣಯವಾಯಿತು. ಮೂರನೆಯದು ಇನ್ನೂ ವಿನೋದದ್ದು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆ ನೋಡಲೆಂದು ಹೆನ್ರಿ ಎಂಬವನು ಪಾಲ್ ಮಾಲ್ ಬೀದಿಯ ಒಂದು ಮಹಡಿಯನ್ನು ಎರಡು ದಿನಕ್ಕೆ 75 ಪೌಂಡಿಗೆ ಬಾಡಿಗೆಗೆ ಹಿಡಿದ. ದೊರೆಗೆ ಹೊಟ್ಟೆನೋವು ಬಂದು ಶಸ್ತ್ರಚಿಕಿತ್ಸೆಯಾಗಿ ಮೆರವಣಿಗೆಯೇ ಮುಂದಕ್ಕೆ ಹೋಯಿತು. ಮಹಡಿ ಇದೆ, ಕಿಟಕಿ ಇದೆ, ಕುರ್ಚಿ ಇದೆ. ಮೆರವಣಿಗೆ ಮಾತ್ರ ಇಲ್ಲ. ಕರಾರಿನ ಉದ್ದೇಶವೇ ಹಾಳಾದ ಮೇಲೆ ಉಳಿದ ಬಾಡಿಗೆ ಕೊಡಬೇಕಾಗಿಲ್ಲವೆಂದು ಮೇಲ್ಮನವಿಯ ನ್ಯಾಯಾಲಯ 1903ರಲ್ಲಿ ಹೇಳಿತು. ಒಬ್ಬ ದೊರೆಯ ಹೊಟ್ಟೆನೋವು ಹೀಗೆ ಕಾಯಿದೆಯ ಪುಸ್ತಕದಲ್ಲಿ ಚಿರಸ್ಥಾಯಿಯಾಯಿತು.

ಭಾರತದಲ್ಲಿ 1872ರ ಕರಾರು ಕಾಯಿದೆಯ 56ನೆಯ ಕಲಮು ಇದನ್ನೇ ನೇರವಾಗಿ ಹೇಳುತ್ತದೆ: ಕರಾರಾದ ಮೇಲೆ ಅಸಾಧ್ಯವಾಗಿ ಪರಿಣಮಿಸಿದ ಕಾರ್ಯದ ಕರಾರು ಶೂನ್ಯ. ‘ಅಸಾಧ್ಯ’ವೆಂದರೆ ಎಷ್ಟು ಅಸಾಧ್ಯ? ಕಲ್ಕತ್ತೆಯ ಒಂದು ನಿವೇಶನ ಯೋಜನೆಯ ಭೂಮಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ವಶಪಡಿಸಿಕೊಂಡ ಪ್ರಸಂಗದಲ್ಲಿ ಸರ್ವೋಚ್ಚ ನ್ಯಾಯಾಲಯ, ಸತ್ಯವ್ರತ ಘೋಷರ ಹೆಸರಿನಿಂದ ಪ್ರಸಿದ್ಧವಾದ ತನ್ನ ತೀರ್ಪಿನಲ್ಲಿ, ಇದನ್ನು ವಿವರಿಸಿತು. ಕರಾರಿನ ತಳಹದಿಯೇ ಕುಸಿದು ಕಾರ್ಯ ನಿರುಪಯುಕ್ತವಾದರೆ ಸಾಕು, ಅಕ್ಷರಶಃ ಅಸಾಧ್ಯವಾಗಬೇಕಾಗಿಲ್ಲ. ಆದರೆ ಕಷ್ಟವಾಯಿತು, ತಡವಾಯಿತು ಎಂದರೆ ಸಾಲದು. ಆ ಪ್ರಕರಣದಲ್ಲಿ ಕರಾರು ಉಳಿಯಿತು. 2017ರಲ್ಲಿ ವಿದ್ಯುತ್ ಕಂಪನಿಗಳ ಒಂದು ವ್ಯಾಜ್ಯದಲ್ಲಿ, ಕಲ್ಲಿದ್ದಲಿನ ಬೆಲೆ ಏರಿತೆಂಬುದು ಮೀರಿದ ಬಲವಲ್ಲವೆಂದು ಅದೇ ನ್ಯಾಯಾಲಯ ಮತ್ತೊಮ್ಮೆ ನುಡಿಯಿತು.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ರದ್ದುಪತ್ರ ಬರೆದ ಖರೀದಿದಾರರಲ್ಲಿ ಅನೇಕರ ವಾದ ನಿಲ್ಲುವುದು ಕಷ್ಟ. ಕಾರ್ಖಾನೆ ಮುಚ್ಚಿದಾಗ ಹೊಲಿಯಲಾರೆನೆಂದು ಕಾರ್ಖಾನೆಯವನು ಹೇಳಿದರೆ ಅದು ಅಸಾಧ್ಯತೆ. ಹೊಲಿದು ಪೆಟ್ಟಿಗೆ ಕಟ್ಟಿದ ಮಾಲಿಗೆ ಹಣ ಕೊಡಲಾರೆನೆಂದು ಕೊಳ್ಳುವವನು ಹೇಳಿದರೆ ಅದು ಅಸಾಧ್ಯತೆಯಲ್ಲ, ನಷ್ಟ. ಹಣ ಕೊಡುವುದು ಕಷ್ಟವಾಗಬಹುದೇ ಹೊರತು ಅಸಾಧ್ಯವಾಗದೆಂಬುದು ಬಹುಪಾಲು ದೇಶಗಳ ನ್ಯಾಯಪದ್ಧತಿ ಒಪ್ಪಿದ ಮಾತು. ಅಮೆರಿಕೆಯ ವ್ಯಾಪಾರಸಂಹಿತೆಯಲ್ಲಿ ಇಂಥ ಆಪತ್ತಿನ ವಿನಾಯಿತಿ ಹೇಳುವ ಕಲಮು ಮಾರುವವನನ್ನು ಹೆಸರಿಸುತ್ತದೆ, ಕೊಳ್ಳುವವನನ್ನು ಹೆಸರಿಸುವುದಿಲ್ಲ.

ಹಾಗಾದರೆ ಢಾಕಾದ ಬಹುಪಾಲು ತಯಾರಕರು ನ್ಯಾಯಾಲಯದ ಮೆಟ್ಟಿಲೇರಲಿಲ್ಲವೇಕೆ? ಮೊದಲನೆಯದಾಗಿ, ವ್ಯಾಜ್ಯವನ್ನು ಖರೀದಿದಾರನ ದೇಶದಲ್ಲಿ, ಅವನ ದೇಶದ ಕಾಯಿದೆಯಂತೆ ನಡೆಸಬೇಕೆಂದು ಕರಾರಿನಲ್ಲಿ ಬರೆದಿರುವುದು ವಾಡಿಕೆ. ಲಂಡನ್ನಿನ ವಕೀಲನಿಗೆ ತೆರುವ ಹಣದಲ್ಲಿ ಢಾಕಾದ ಒಂದು ಹೊಲಿಗೆಸಾಲಿನ ತಿಂಗಳ ಸಂಬಳ ಕರಗಿಹೋದೀತು. ಆದರೆ ನಿಜವಾದ ಕಾರಣ ಅದಲ್ಲ. ಇಂದು ದಾವೆ ಹೂಡಿದವನಿಗೆ ನಾಳೆ ಆರ್ಡರು ಸಿಗುವುದಿಲ್ಲ. ನೀರಿನಲ್ಲಿದ್ದು ಮೊಸಳೆಯೊಡನೆ ಹಗೆತನವೇ? ಆದುದರಿಂದ ದರವಿಳಿಸಿ ಎಂದವರಿಗೆ ದರವಿಳಿಸಿದರು. ಕಾಯಿರಿ ಎಂದವರಿಗಾಗಿ ಕಾದರು. ಅವರ ಸಂಘ ಮಾತ್ರ ಒಮ್ಮೆ ಗುಡುಗಿತು. 2020ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಎಡಿನ್‌ಬರೋ ವುಲನ್ ಮಿಲ್ ಸಂಸ್ಥೆಗೆ ಪತ್ರ ಬರೆದು, ಬಾಕಿ ತೀರಿಸದಿದ್ದರೆ ತನ್ನ ಸದಸ್ಯರಾರೂ ಆ ಸಂಸ್ಥೆಯೊಡನೆ ವ್ಯವಹರಿಸದಂತೆ ಬಹಿಷ್ಕಾರ ಹಾಕುವೆನೆಂದು ಎಚ್ಚರಿಸಿತು. ಕಾಯಿದೆಯ ಬಾಗಿಲು ದೂರವಾದಾಗ ಊರ ಪಂಚಾಯಿತಿಯ ಹಳೆಯ ಅಸ್ತ್ರವೇ ನೆನಪಿಗೆ ಬಂದಿತು.

ಸಮಬಲರಲ್ಲಿ ಮಾತ್ರ ಮೊಕದ್ದಮೆಗಳಿಗೆ ಬರವಿರಲಿಲ್ಲ. ಅಮೆರಿಕೆಯ ಗ್ಯಾಪ್ ಸಂಸ್ಥೆ ಮುಚ್ಚಿದ ಅಂಗಡಿಗಳಿಗೆ ಬಾಡಿಗೆ ಕೊಡುವುದನ್ನು ನಿಲ್ಲಿಸಿತು. ಮಳಿಗೆಸಮುಚ್ಚಯಗಳ ದೊಡ್ಡ ಒಡೆಯನಾದ ಸೈಮನ್ ಸಂಸ್ಥೆ 6 ಕೋಟಿ 50 ಲಕ್ಷ ಡಾಲರಿಗೂ ಮಿಕ್ಕ ಬಾಕಿಗಾಗಿ ಅದರ ಮೇಲೆ ದಾವೆ ಹೂಡಿತು. ನ್ಯೂಯಾರ್ಕ್ ನಗರದ ಇನ್ನೊಂದು ಅಂಗಡಿಯ ವ್ಯಾಜ್ಯದಲ್ಲಿ ಗ್ಯಾಪ್ ತಾನೇ ಫಿರ್ಯಾದಿಯಾಗಿ, ಪಟ್ಟಾಭಿಷೇಕದ ಹೆನ್ರಿಯಂತೆ, ಅಂಗಡಿಯ ಉದ್ದೇಶವೇ ಹಾಳಾಯಿತೆಂದು ವಾದಿಸಿತು. 2021ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸರಕಾರದ ಆಜ್ಞೆಯಂತಹ ತಡೆಗಳು ಬಂದಾವೆಂದು ಕರಾರೇ ಮುಂಗಂಡಿದೆ, ಆದರೂ ಬಾಡಿಗೆಯನ್ನು ಅದು ಬಿಟ್ಟುಕೊಟ್ಟಿಲ್ಲ ಎಂಬುದು ತೀರ್ಪಿನ ಸಾರ. ಆ ಕಟ್ಟಡದ ಒಡೆತನ ಪೊಂಟೆ ಗಾದಿಯಾ ಎಂಬ ಸಂಸ್ಥೆಯದು. ಅದು ಝಾರಾ ಅಂಗಡಿಗಳನ್ನು ಕಟ್ಟಿದ ಸ್ಪೇನಿನ ಅಮಾನ್ಸಿಯೊ ಒರ್ತೇಗ ಅವರದು. ಒಬ್ಬ ಉಡುಪು ವ್ಯಾಪಾರಿ ಇನ್ನೊಬ್ಬ ಉಡುಪು ವ್ಯಾಪಾರಿಗೆ ಬಾಡಿಗೆಬಾಕಿ! ಇಟಲಿಯ ವ್ಯಾಲೆಂಟಿನೋ ಸಂಸ್ಥೆಯಾದರೋ ನ್ಯೂಯಾರ್ಕಿನ ಐದನೆಯ ಅವೆನ್ಯೂವಿನ ತನ್ನ ಮಳಿಗೆಯನ್ನು ಬಿಟ್ಟುಬಿಡಲು ಅನುಮತಿ ಕೋರಿತು. ಅಂತಹ ಬೀದಿಯ ವೈಭವವೇ ಹೋದ ಮೇಲೆ ವೈಭವದ ಅಂಗಡಿ ನಡೆಯುವುದೆಂತು ಎಂಬ ಅದರ ಅಳಲನ್ನು 2021ರ ಜನವರಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು. 1647ರ ಗೇಣಿದಾರ ಜೇನ್ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನೇನೋ. ದೆಹಲಿಯ ಉಚ್ಚ ನ್ಯಾಯಾಲಯವೂ ಖಾನ್ ಮಾರ್ಕೆಟ್ಟಿನ ಒಂದು ಅಂಗಡಿಯ ವಿಷಯದಲ್ಲಿ, ಕರಾರಿನಲ್ಲಿ ಷರತ್ತಿಲ್ಲದೆ ಬಾಡಿಗೆ ನಿಲ್ಲಿಸಲಾಗದು, ಕಟ್ಟಲು ಕೊಂಚ ಕಾಲಾವಕಾಶ ಕೊಡಬಹುದು ಎಂದು 2020ರ ಮೇ 21ರಂದು ಹೇಳಿತ್ತು.

ಇವುಗಳೆಲ್ಲಕ್ಕಿಂತ ದೊಡ್ಡ ಜಗಳ ಒಡವೆಯಂಗಡಿಯದು. ಪ್ಯಾರಿಸಿನ ಎಲ್‌ವಿಎಮ್‌ಎಚ್ ಸಂಸ್ಥೆ ಅಮೆರಿಕೆಯ ಪ್ರಸಿದ್ಧ ಟಿಫನಿ ಸಂಸ್ಥೆಯನ್ನು 1,600 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಕೊಳ್ಳುವುದಾಗಿ 2019ರ ನವೆಂಬರ್‌ನಲ್ಲಿ ಮಾತುಕೊಟ್ಟಿತ್ತು. ಮಹಾಮಾರಿಯಲ್ಲಿ ವಜ್ರ ಕೊಳ್ಳುವವರು ಯಾರು? 2020ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸಿನವರು ಹಿಂಜರಿದರು. ಫ್ರಾನ್ಸಿನ ವಿದೇಶಾಂಗ ಸಚಿವರು ಕೊಳ್ಳುವಿಕೆಯನ್ನು ಮುಂದೂಡಿರೆಂದು ಬರೆದ ಪತ್ರವನ್ನು ಮುಂದಿಟ್ಟರು. ಟಿಫನಿಯವರು ಅದೇ ದಿನ ಡೆಲವೇರ್ ರಾಜ್ಯದ ನ್ಯಾಯಾಲಯಕ್ಕೆ ಹೋದರು. ವಿಚಾರಣೆ 2021ರ ಜನವರಿ ಆರಂಭಕ್ಕೆ ನಿಗದಿಯಾಯಿತು. ಅಕ್ಟೋಬರ್ ಮುಗಿಯುವುದರೊಳಗೆ ರಾಜಿಯಾಯಿತು: ಷೇರಿಗೆ 135 ಡಾಲರ್ ಇದ್ದದ್ದು 131 ಡಾಲರ್ 50 ಸೆಂಟಿಗೆ ಇಳಿಯಿತು. ಕೊಳ್ಳುವವರಿಗೆ 40 ಕೋಟಿ ಡಾಲರಿಗೂ ಮಿಕ್ಕ ಉಳಿತಾಯ. ಮಾರುವವರಿಗೆ ವ್ಯಾಪಾರ ಕೈತಪ್ಪಲಿಲ್ಲ. ತನ್ನ ಮಾತನ್ನು ಉಳಿಸಿಕೊಳ್ಳುವಂತೆ ಎದುರಾಳಿಯನ್ನು ಕಟ್ಟಿಹಾಕಲು ಕಾಯಿದೆ ಎಷ್ಟು ಚುರುಕಾಗಿ ಬರಬಲ್ಲದೆಂಬುದಕ್ಕೆ ಇದೊಂದು ನಿದರ್ಶನ. ಬಾಗಿಲು ತಟ್ಟುವವನ ಕೈಯಲ್ಲಿ ಬಲವಿರಬೇಕು, ಅಷ್ಟೆ.

ದಿವಾಳಿಯ ದಾರಿ ಹಿಡಿದವರೂ ಇದ್ದರು. 1818ರಲ್ಲಿ ಹುಟ್ಟಿ ಅಮೆರಿಕೆಯ ಅಧ್ಯಕ್ಷರಿಗೆ ಕೋಟು ಹೊಲಿದುಕೊಟ್ಟ ಬ್ರೂಕ್ಸ್ ಬ್ರದರ್ಸ್ 2020ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿತು, ಜೆ. ಕ್ರೂ, ನೀಮನ್ ಮಾರ್ಕಸ್, ಜೆ. ಸಿ. ಪೆನ್ನಿಗಳು ಮೇ ತಿಂಗಳಿನಲ್ಲೇ ಆ ಹಾದಿ ಹಿಡಿದಿದ್ದವು. 1778ರಷ್ಟು ಹಿಂದಿನ ಲಂಡನ್ನಿನ ಡೆಬೆನ್‌ಹ್ಯಾಮ್ಸ್ ಕೂಡ ಉಳಿಯಲಿಲ್ಲ. ದಿವಾಳಿಯ ಕಾಯಿದೆಯಲ್ಲಿ ಪಂಕ್ತಿಭೇದವಿದೆ. ಅಡಮಾನವಿಟ್ಟುಕೊಂಡ ಬ್ಯಾಂಕುಗಳಿಗೆ ಮೊದಲ ಎಲೆ. ಮಾಲು ಕಳುಹಿಸಿ ಹಣಕ್ಕಾಗಿ ಕಾದಿರುವ ಬಡ ತಯಾರಕನಿಗೆ ಕೊನೆಯ ಎಲೆ. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದು ಬಹಳವಲ್ಲ.

ಕರಾರಿನ ಒಂದು ತುದಿ ನ್ಯೂಯಾರ್ಕಿನಲ್ಲಿದ್ದರೆ ಇನ್ನೊಂದು ತುದಿ ಕರ್ನಾಟಕದಲ್ಲೂ ಇದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಿಂದ ಹಿಡಿದು ರಾಮನಗರ, ಮದ್ದೂರು, ಶ್ರೀರಂಗಪಟ್ಟಣದವರೆಗೆ ಹಬ್ಬಿರುವ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಲಕ್ಷಾಂತರ ಮಂದಿಯಲ್ಲಿ ಹೆಚ್ಚಿನವರು ಹೆಂಗಸರು. ಬೆಳಗಿನ ಜಾವಕ್ಕೆ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು, ವ್ಯಾನು ಹಿಡಿದು ಬರುವ ಇವರು ಹೊಲಿದ ಅಂಗಿಗಳ ಲೇಬಲುಗಳೇ ಮೇಲೆ ಹೇಳಿದ ಹೆಸರುಗಳಲ್ಲಿ ಕೆಲವು. ಮಾರ್ಚ್ 25ರಂದು ದೇಶವೆಲ್ಲ ಮುಚ್ಚಿತು. ಮುಚ್ಚಿದ ದಿನಗಳಿಗೂ ಪೂರ್ತಿ ಸಂಬಳ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆಜ್ಞೆ ಮಾಡಿತು; ಮೇ 18ರಿಂದ ಆ ಆಜ್ಞೆ ಇಲ್ಲವಾಯಿತು. ಆ ನಡುವಿನ ಐವತ್ತು ದಿನಗಳ ಸಂಬಳದ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಸಂಬಳ ಕೊಡದ ಮಾಲೀಕರ ಮೇಲೆ ಸದ್ಯ ಬಲವಂತದ ಕ್ರಮ ಬೇಡ, ಮಾಲೀಕರೂ ಕೆಲಸಗಾರರೂ ಕುಳಿತು ಮಾತಾಡಿ ತೀರಿಸಿಕೊಳ್ಳಲಿ ಎಂದು ಜೂನ್ 12ರಂದು ಆದೇಶವಾಯಿತು. ಕುಳಿತು ಮಾತಾಡುವುದೇನೋ ಸರಿ. ಒಬ್ಬನು ಕುರ್ಚಿಯಲ್ಲಿ, ಇನ್ನೊಬ್ಬನು ನೆಲದಲ್ಲಿ ಕುಳಿತಾಗ ಮಾತು ಎಷ್ಟು ಮುಂದುವರಿದೀತು?

ಎರಡನೆಯ ಪೆಟ್ಟು ಕೆಲಸದ ಹೊತ್ತಿನ ಮೇಲೆ ಬಿತ್ತು. 1948ರ ಕಾರ್ಖಾನೆಗಳ ಕಾಯಿದೆಯಂತೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಆಗ ಎಲ್ಲೆಯಾಗಿತ್ತು. ಅದೇ ಕಾಯಿದೆಯ 5ನೆಯ ಕಲಮು ‘ಸಾರ್ವಜನಿಕ ತುರ್ತು’ ಇರುವಾಗ ಕಾರ್ಖಾನೆಗಳಿಗೆ ವಿನಾಯಿತಿ ಕೊಡಲು ಸರಕಾರಕ್ಕೆ ಅಧಿಕಾರ ಕೊಟ್ಟಿತ್ತು. ಈ ಕಲಮನ್ನು ಹಿಡಿದು ಕರ್ನಾಟಕ ಸರಕಾರ 2020ರ ಮೇ 22ರಂದು ದಿನಕ್ಕೆ ಹತ್ತು, ವಾರಕ್ಕೆ ಅರವತ್ತು ಗಂಟೆ ದುಡಿಸಲು ಅನುಮತಿಯಿತ್ತಿತು. ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು; ಜೂನ್ 11ರಂದು ಸರಕಾರವೇ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಗುಜರಾತಿನ ಅಧಿಸೂಚನೆ ಇನ್ನೂ ಕಠಿಣವಾಗಿತ್ತು. ಅದರಲ್ಲಿ ದಿನಕ್ಕೆ ಹನ್ನೆರಡು ಗಂಟೆ. ಹೆಚ್ಚಿನ ಗಂಟೆಗಳಿಗೆ ಇಮ್ಮಡಿ ಕೂಲಿಯೂ ಇಲ್ಲ. ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಯುದ್ಧ, ಪರದೇಶದ ಆಕ್ರಮಣ, ಆಂತರಿಕ ಕ್ಷೋಭೆಗಳಿಂದ ದೇಶದ ಭದ್ರತೆಗೇ ಗಂಡಾಂತರ ಬಂದಾಗ ಮಾತ್ರ ಆ ಕಲಮಿನ ತುರ್ತು. ರೋಗ ಎಷ್ಟೇ ಘೋರವಾದರೂ ಅದು ಆ ಬಗೆಯದಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿ, ದುಡಿದ ಹೆಚ್ಚಿನ ಗಂಟೆಗಳಿಗೆ ಇಮ್ಮಡಿ ಕೂಲಿ ಕೊಡಿಸಿತು. ಆಪತ್ತು ಎಂಬ ಶಬ್ದವನ್ನು ಯಾರು ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಬಳಸಲಾಗದೆಂದು ಸ್ಪಷ್ಟವಾಗಿ ಹೇಳಿದ್ದು ಆ ವರ್ಷದಲ್ಲಿ ಈ ತೀರ್ಪೇ ಎನ್ನಬೇಕು. ಅದನ್ನು ಪಡೆದವರು ಕೋಟ್ಯಧೀಶರಲ್ಲ, ಕಾರ್ಮಿಕ ಸಂಘದವರು.

ಮೂರನೆಯದು ಸಂಬಳದ ಚಿಲ್ಲರೆಯ ಮಾತು. ಬೆಲೆಯೇರಿಕೆಗೆ ತಕ್ಕಂತೆ ಕನಿಷ್ಠ ವೇತನದೊಡನೆ ವರ್ಷಕ್ಕೊಮ್ಮೆ ತುಟ್ಟಿಭತ್ಯೆ ಏರಬೇಕು. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕೆಲಸಗಾರ್ತಿಗೆ ಬರಬೇಕಾದ ಏರಿಕೆ ತಿಂಗಳಿಗೆ 417 ರೂಪಾಯಿ. ರೋಗದ ಕಾರಣ ಕೊಟ್ಟು ರಾಜ್ಯ ಸರಕಾರ ಅದನ್ನು ಒಂದು ವರ್ಷ ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಉಚ್ಚ ನ್ಯಾಯಾಲಯ ಆ ಆಜ್ಞೆಗೆ ತಡೆ ಕೊಟ್ಟಿತು. ತಡೆ ಬಂದ ಮೇಲೂ ಅನೇಕ ಕಾರ್ಖಾನೆಗಳು ಹಣ ಕೊಡಲಿಲ್ಲ. ಕಾರ್ಮಿಕ ಸಂಘಗಳು ಬಿಡದೆ ಬೆನ್ನು ಹತ್ತಿ, ವಿದೇಶದ ಕಾರ್ಮಿಕ ಹಕ್ಕುಗಳ ಸಂಸ್ಥೆಯೊಂದು 2021ರ ಕೊನೆಯಲ್ಲಿ ಇದನ್ನು ಜಗಜ್ಜಾಹೀರು ಮಾಡಿದ ಮೇಲೆ, ಖರೀದಿದಾರ ಸಂಸ್ಥೆಗಳು ನಾಚಿಕೆಗೊಂಡು ಒತ್ತಾಯಿಸಿದ ತರುವಾಯ, ದೊಡ್ಡ ರಫ್ತುದಾರರು ಬಾಕಿ ತೀರಿಸತೊಡಗಿದರು. 417 ರೂಪಾಯಿ ನ್ಯೂಯಾರ್ಕಿನ ಬಾಡಿಗೆಯ ಲೆಕ್ಕದಲ್ಲಿ ಯಾವ ಮೂಲೆಗೂ ಸಾಲದು. ತಿಂಗಳ ಹಾಲಿನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ.

ಇವೆಲ್ಲ ಒಂದೆಡೆ ಕೂಡಿಬಂದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಗೆ ಸೇರಿದ ಯೂರೋ ಕ್ಲೋದಿಂಗ್ ಕಂಪನಿಯ ಒಂದು ಕಾರ್ಖಾನೆಯಿತ್ತು. ಎಚ್ ಅಂಡ್ ಎಮ್ ಸಂಸ್ಥೆಗೆ ಅಲ್ಲಿ ಹೊಲಿಗೆ ನಡೆಯುತ್ತಿತ್ತು. 2020ರ ಜೂನ್ 6ರಂದು ಸುಮಾರು 1,200 ಕೆಲಸಗಾರರಿಗೆ ‘ಲೇ-ಆಫ್’ ಎಂದು ತಿಳಿಸಲಾಯಿತು. ಆರ್ಡರು ಇಲ್ಲವೆಂಬುದು ಆಡಳಿತದವರು ಕೊಟ್ಟ ಕಾರಣ. ಸಂಘ ಕಟ್ಟಿಕೊಂಡವರನ್ನು ಹೊರಹಾಕುವ ಹಂಚಿಕೆಯೆಂಬುದು ಸಂಘದ ಆರೋಪ. ಲೇ-ಆಫ್ ಎಂಬುದು ಕೆಲಸದಿಂದ ತೆಗೆಯುವುದಲ್ಲ, ಕೆಲಸವಿಲ್ಲದ ಕಾಲದಲ್ಲಿ ಅರ್ಧ ಸಂಬಳ ಕೊಟ್ಟು ಕಾಯಿಸುವುದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ ನೂರಕ್ಕಿಂತ ಕಡಿಮೆಯಿಲ್ಲದಷ್ಟು ಕೆಲಸಗಾರರಿರುವ ಕಾರ್ಖಾನೆ ಅದಕ್ಕೂ ಸರಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಪಡೆಯಬೇಕಾಗಿಲ್ಲದ ಸಂದರ್ಭಗಳನ್ನೂ ಆ ಕಲಮು ಹೇಳಿದೆ: ವಿದ್ಯುತ್ತಿನ ಅಭಾವ ಅಥವಾ ಪ್ರಕೃತಿ ವಿಕೋಪ. ವಾಚಕರು ಗಮನಿಸಿರಬಹುದು, ಲಂಡನ್ನಿನ ಕರಾರುಪತ್ರದ ಕೊನೆಯ ಪುಟದ ಪ್ರಶ್ನೆಯೇ ಇಲ್ಲಿ ಕಾವೇರಿ ತೀರದಲ್ಲಿ ಬೇರೆ ವೇಷ ತೊಟ್ಟು ನಿಲ್ಲುತ್ತದೆ. ರೋಗ ಪ್ರಕೃತಿ ವಿಕೋಪವೇ? ವಿಕೋಪವೇ ಆಗಿದ್ದರೂ, ಆರ್ಡರು ಇಲ್ಲದ್ದು ರೋಗದಿಂದಲೋ, ಆರ್ಡರನ್ನು ಬೇರೆ ಕಾರ್ಖಾನೆಗೆ ಕೊಟ್ಟದ್ದರಿಂದಲೋ?

ಆ ಹೆಂಗಸರು ವಕೀಲರ ಭಾಷೆಯಲ್ಲಿ ಇದನ್ನು ಕೇಳಲಿಲ್ಲ. ಕಾರ್ಖಾನೆಯ ಬಾಗಿಲ ಮುಂದೆ ಬಂದು ಕುಳಿತರು. ಯಂತ್ರಗಳನ್ನು ಹೊರಗೆ ಸಾಗಿಸಿದರೆ ಕಾರ್ಖಾನೆ ಇನ್ನು ತೆರೆಯದೆಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ವಾರಗಟ್ಟಲೆ ಧರಣಿ ನಡೆಯಿತು. ಕೈ ಬರಿದಾದವರು ಎಷ್ಟು ದಿನ ಕುಳಿತಾರು? ಅನೇಕರು ಪರಿಹಾರದ ಹಣ ಪಡೆದು ರಾಜೀನಾಮೆಗೆ ಸಹಿ ಹಾಕಿದರು. ಆದರೂ ಸಂಘ ಕೈಬಿಡಲಿಲ್ಲ. ಇಂಡಸ್ಟ್ರಿ-ಆಲ್ ಎಂಬ ಅಂತಾರಾಷ್ಟ್ರೀಯ ಕಾರ್ಮಿಕ ಒಕ್ಕೂಟ ನಡುವೆ ಬಂದು, ಖರೀದಿದಾರರ ಮೇಲೂ ಒತ್ತಡ ಬಿದ್ದು, 2021ರ ಆರಂಭದಲ್ಲಿ ಒಪ್ಪಂದವಾಯಿತು: ಕೆಲಸ ಕಳೆದುಕೊಂಡವರನ್ನು ಸಂಸ್ಥೆ ತನ್ನ ಬೇರೆ ಕಾರ್ಖಾನೆಗಳಲ್ಲಿ ಮರಳಿ ತೆಗೆದುಕೊಳ್ಳುವುದು, ಸಂಘಕ್ಕೆ ಮನ್ನಣೆ ಕೊಡುವುದು. ಗೆಲುವೆಂದರೆ ಗೆಲುವೇ. ಆದರೆ ಮನೆಯ ಹತ್ತಿರದ ಕೆಲಸಕ್ಕೂ ದೂರದ ಕಾರ್ಖಾನೆಯ ಕೆಲಸಕ್ಕೂ ಇರುವ ಅಂತರವನ್ನು ಚಿಕ್ಕ ಮಕ್ಕಳಿರುವ ತಾಯಂದಿರು ಬಲ್ಲರು.

ಅಂದಿನ ಕಾಯಿದೆ ಇಂದು ಹಾಗೆಯೇ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಅನುಮತಿ ಬೇಕಾಗುವ ಮಿತಿ ನೂರರಿಂದ ಮುನ್ನೂರಕ್ಕೆ ಏರಿದೆ. ಶ್ರೀರಂಗಪಟ್ಟಣದಂತಹ ದೊಡ್ಡ ಕಾರ್ಖಾನೆಗೆ ಇದರಿಂದ ವ್ಯತ್ಯಾಸವಾಗದು; ಇನ್ನೂರು ಯಂತ್ರಗಳ ಚಿಕ್ಕ ಕಾರ್ಖಾನೆಗೆ ಆದೀತು. ಅತ್ತ ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಬೇರೊಂದು ದಿಕ್ಕಿಗೆ ಹೆಜ್ಜೆಯಿಟ್ಟಿತು. ಹೊಲಿದ ತುಂಡಿಗಿಷ್ಟೆಂದು ಕೂಲಿ ಕೊಡುವ ಪದ್ಧತಿಯನ್ನು ಅಲ್ಲಿ ನಿಷೇಧಿಸಿದರು; ಹೊಲಿದವಳಿಗೆ ಕಾರ್ಖಾನೆಯವನು ಕೂಲಿ ಕೊಡದಿದ್ದರೆ, ಅಂಗಿಗೆ ತನ್ನ ಹೆಸರು ಹಾಕಿಸಿಕೊಂಡ ಸಂಸ್ಥೆಯೇ ಕೊಡತಕ್ಕದ್ದೆಂದು ಶಾಸನ ಮಾಡಿದರು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಹೊಲಿದ ಅಂಗಿಗೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವನ್ನು ಅಮೆರಿಕೆಯ ಮತ್ತಾವ ರಾಜ್ಯವೂ ಅದಕ್ಕೆ ಮೊದಲು ಕೊಟ್ಟಿರಲಿಲ್ಲ. ಆ ಶಾಸನ ಕ್ಯಾಲಿಫೋರ್ನಿಯಾದೊಳಗೆ ಹೊಲಿದ ಅಂಗಿಗೆ ಮಾತ್ರ. ಹಡಗಿನಲ್ಲಿ ಬಂದಿಳಿಯುವ ಅಂಗಿಗೆ ಅದು ಅನ್ವಯಿಸುವುದಿಲ್ಲ.